999ಕ್ಕೆ ನಿಂತ ಯಂತ್ರ

ಎರಡು ವರ್ಷದ ಹಿಂದೆ ಬೆಂಗಳೂರಿನ ಚಳಿಗಾಲದಲ್ಲಿ ನನಗೊಂದು ಕೆಮ್ಮು ಹತ್ತಿಕೊಂಡಿತು. ಮೂರು ವಾರ ಆದರೂ ಬಿಡಲಿಲ್ಲ. ನಮ್ಮ ಸಾಫ್ಟ್‌ವೇರ್ ಮಂದಿಗೆ ಒಂದು ಚಟ ಇದೆ ನೋಡಿ, ಏನೇ ತೊಂದರೆ ಬಂದರೂ ಮೊದಲು ಡೇಟಾ ಬೇಕು. ಹಾಗಾಗಿ ಔಷಧಿಗಿಂತ ಮೊದಲು ನಾನು ಕೊಂಡದ್ದು ಒಂದು ಯಂತ್ರ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಹಿಂದೆ ಒಂದು ಕ್ಲಿಪ್ಪು. ಬ್ಯಾಗಿನ ಪಟ್ಟಿಗೋ ಅಂಗಿ ಜೇಬಿಗೋ ಸಿಕ್ಕಿಸಿಕೊಂಡು ಓಡಾಡಿದರೆ ನಮ್ಮ ಸುತ್ತಲಿನ ಗಾಳಿಯಲ್ಲಿ ಸೂಕ್ಷ್ಮ ಕಣ ಎಷ್ಟಿವೆ ಅಂತ ಪುಟ್ಟ ಪರದೆಯ ಮೇಲೆ ತೋರಿಸುತ್ತದೆ. ಪಿಎಂ 2.5 ಅಂತೀವಲ್ಲ, ಅದು. ಅಂದರೆ 2.5 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಕಣ, ತಲೆಗೂದಲಿನ ದಪ್ಪದ ಮೂವತ್ತನೇ ಒಂದು ಭಾಗ ಅಂದುಕೊಳ್ಳಿ. ಮೂಗು ಇದನ್ನು ತಡೆಯುವುದಿಲ್ಲ, ನೇರ ಶ್ವಾಸಕೋಶದ ತಳಕ್ಕೆ ಹೋಗಿ ಕೂರುತ್ತದೆ. ಭಾರತದ ಮಾನದಂಡದಂತೆ ದಿನದ ಸರಾಸರಿ ಒಂದು ಘನ ಮೀಟರ್ ಗಾಳಿಗೆ 60 ಮೈಕ್ರೋಗ್ರಾಂ ದಾಟಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು ಇನ್ನೂ ಬಿಗಿ, 15.

ಸಿಲ್ಕ್ ಬೋರ್ಡಿನ ಸಿಗ್ನಲ್‌ನಲ್ಲಿ ನನ್ನ ಯಂತ್ರ 90 ತೋರಿಸಿತು. ನಾನು ಸ್ಕ್ರೀನ್‌ಶಾಟ್ ತೆಗೆದು ಗೆಳೆಯರ ಗ್ರೂಪಿಗೆ ಹಾಕಿ, "ನೋಡ್ರಪ್ಪಾ, ಸಾಯ್ತಾ ಇದ್ದೀವಿ" ಅಂದೆ. ಎಲ್ಲರೂ ಅಳುವ ಇಮೋಜಿ ಹಾಕಿದರು.

ಅದೇ ಬ್ಯಾಗು ಹಾಕ್ಕೊಂಡು ದೀಪಾವಳಿಗೆ ಊರಿಗೆ ಹೋದೆ. ನಮ್ಮೂರು ಈಗ ಮೂಡಲಗಿ ತಾಲ್ಲೂಕು, ನಾನು ಸಾಲಿಗೆ ಹೋಗುವಾಗ ಗೋಕಾಕ ತಾಲ್ಲೂಕು. ಸುತ್ತ ಕಬ್ಬು, ಗೊಂಜಾಳ, ಘಟಪ್ರಭೆಯ ಕಾಲುವೆ. ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ, ಇಲ್ಲಿ 20 ಬರಬಹುದು, 25 ಬರಬಹುದು, ಅದನ್ನೂ ಗ್ರೂಪಿಗೆ ಹಾಕಿ ಹೊಟ್ಟೆ ಉರಿಸಬೇಕು ಅಂತ. ಅಂಗಳದಲ್ಲಿ ಅಷ್ಟೇ ಬಂತು ಕೂಡ. ಬ್ಯಾಗನ್ನು ಹಾಗೇ ತಗೊಂಡು ಒಳಗೆ ಹೋದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಒಲೆಗೆ ಕುಳ್ಳು ಹಾಕಿ ಊದುಗೊಳವೆ ಹಿಡಿದು ಊದುತ್ತಿದ್ದಳು. ನಾನು ಅವಳ ಪಕ್ಕ ಮಣೆ ಹಾಕಿಕೊಂಡು ಕುಂತೆ.

ಪರದೆಯ ಮೇಲೆ 200 ಬಂತು, 450, 780, ಆಮೇಲೆ 999. ಅಲ್ಲೇ ನಿಂತುಬಿಟ್ಟಿತು. ಕೆಟ್ಟಿದೆ ಅಂತ ಆಫ್ ಮಾಡಿ ಆನ್ ಮಾಡಿದೆ. ಮತ್ತೆ 999. ಆಗ ಹೊಳೆಯಿತು, ಯಂತ್ರ ಕೆಟ್ಟಿಲ್ಲ, ಅದರ ಪರದೆಯಲ್ಲಿ ಇರುವುದೇ ಮೂರು ಅಂಕಿಗೆ ಜಾಗ. ಇದನ್ನು ಮಾಡಿದ ನನ್ನಂಥ ಯಾವನೋ ಇಂಜಿನಿಯರ್, ನಾಲ್ಕನೇ ಅಂಕಿ ಬೇಕಾಗುವ ಜಾಗದಲ್ಲಿ ಮನುಷ್ಯರು ಇರುತ್ತಾರೆ ಅಂತ ಅಂದುಕೊಂಡೇ ಇರಲಿಲ್ಲ.

"ಏನೋ ಯಪ್ಪಾ ಅದು, ಇಲಿ ಮರಿ ಹಂಗ ಕಿಚಿಕಿಚಿ ಅಂತೈತಿ?" ಅಂದಳು ಅವ್ವ. ಒಳಗಿನ ಪುಟ್ಟ ಫ್ಯಾನಿನ ಸದ್ದು ಅದು.

ಆವತ್ತಿಂದ ನನಗೆ ಒಂದು ಪ್ರಶ್ನೆ ಹಿಡಿದುಕೊಂಡಿತು. ಗಾಳಿ ಅಳೆಯುವ ಯಂತ್ರವನ್ನು ಮನುಷ್ಯನ ಮೈಮೇಲೆ ಕಟ್ಟುವ ಯೋಚನೆ ಮೊದಲು ಯಾರಿಗೆ ಬಂತು? ಯಾರ ಮೈಗೆ ಕಟ್ಟಿದರು? ಈ ಬರಹ ಆ ಹುಡುಕಾಟದ ಫಲ.

ಮೊದಲಿಗೆ ಯಂತ್ರ ಇರಲಿಲ್ಲ, ಪ್ರಶ್ನೆ ಇತ್ತು. 1700ರಲ್ಲಿ ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಝಿನಿ ಕಸುಬುದಾರರ ಕಾಯಿಲೆಗಳ ಬಗ್ಗೆ ಒಂದು ಪುಸ್ತಕ ಬರೆದ. ನಾರು ಹಿಂಜುವವರು, ಕಲ್ಲು ಕೆತ್ತುವವರು, ಹಿಟ್ಟು ಬೀಸುವವರು, ಇವರೆಲ್ಲ ಯಾಕೆ ಕೆಮ್ಮುತ್ತಾರೆ ಅಂತ ಹೋಗಿ ನೋಡಿ ಬರೆದದ್ದು. ವೈದ್ಯರು ರೋಗಿಗೆ ಕೇಳುವ ಪ್ರಶ್ನೆಗಳ ಜೊತೆ ಇನ್ನೊಂದನ್ನು ಸೇರಿಸಿಕೊಳ್ಳಬೇಕು ಅಂದ: ನೀನು ಮಾಡುವ ಕೆಲಸ ಏನು? ಇವತ್ತು ಸರಳ ಅನ್ನಿಸುತ್ತದೆ. ಆದರೆ ಅದನ್ನು ಕೇಳದೇ ಬಿಡುವ ಡಾಕ್ಟರು ಇವತ್ತಿಗೂ ಇದ್ದಾರೆ, ಆ ಮಾತಿಗೆ ಮುಂದೆ ಬರುತ್ತೇನೆ.

ನನ್ನ ಯಂತ್ರದ ಒಳಗಿನ ತಂತ್ರ ಹತ್ತೊಂಬತ್ತನೇ ಶತಮಾನದ್ದು. ಮಾಳಿಗೆ ಮನೆಯಲ್ಲಿ ಬೆಳೆದವರಿಗೆ ಗೊತ್ತಿರುತ್ತದೆ, ಬೆಳಕಿಂಡಿಯಿಂದ ಬಿಸಿಲಿನ ಕೋಲು ಇಳಿದಾಗ ಅದರಲ್ಲಿ ಧೂಳು ಕುಣಿಯುವುದು ಕಾಣುತ್ತದೆ. ಕೋಲಿನ ಆಚೆ ಈಚೆ ಅಷ್ಟೇ ಧೂಳಿದ್ದರೂ ಕಾಣುವುದಿಲ್ಲ. ಲಂಡನ್ನಿನ ಜಾನ್ ಟಿಂಡಲ್ ಇದನ್ನೇ ಹಿಡಿದು, 1870ರಲ್ಲಿ ಧೂಳು ಮತ್ತು ಕಾಯಿಲೆ ಅನ್ನುವ ವಿಷಯದ ಮೇಲೆ ಉಪನ್ಯಾಸ ಕೊಟ್ಟ. ಕತ್ತಲ ಕೋಣೆಯಲ್ಲಿ ಬೆಳಕಿನ ಕೋಲು ಬಿಟ್ಟು, ಅದರ ಕೆಳಗೆ ದೀಪ ಹಿಡಿದ. ದೀಪದ ಮೇಲೆ ಕಪ್ಪು ಸುರುಳಿ ಎದ್ದಿತು. ಜನ ಹೊಗೆ ಅಂದುಕೊಂಡರು. ಅದು ಹೊಗೆಯಲ್ಲ, ಧೂಳು ಸುಟ್ಟುಹೋಗಿ ಬೆಳಕು ಚದುರಿಸಲು ಏನೂ ಉಳಿಯದ ಖಾಲಿ ಗಾಳಿ. ಅಲ್ಲಿಂದ ಟಿಂಡಲ್ ಒಂದು ತೀರ್ಮಾನಕ್ಕೆ ಬಂದ. ಆ ಗಾಳಿಯಲ್ಲಿ ತೇಲುವ ಧೂಳಿನಲ್ಲಿ ಹೆಚ್ಚಿನದು ಸುಡುವಂಥ ಜೈವಿಕ ವಸ್ತು ಅಂತ. ನನ್ನ ಯಂತ್ರ ಮಾಡುವುದೂ ಇದನ್ನೇ. ಫ್ಯಾನು ಗಾಳಿ ಎಳೆಯುತ್ತದೆ, ಲೇಸರ್ ಬೆಳಕಿನ ಕೋಲು ಬಿಡುತ್ತದೆ, ಕಣಗಳು ಚದುರಿಸಿದ ಬೆಳಕನ್ನು ಒಂದು ಪುಟ್ಟ ಕಣ್ಣು ಎಣಿಸುತ್ತದೆ. ಮಿಕ್ಕಿದ್ದು ಅಂದಾಜಿನ ಲೆಕ್ಕ. ಮಂಜು ಬಿದ್ದ ಬೆಳಿಗ್ಗೆ ನೀರಿನ ಹನಿಯನ್ನೂ ಧೂಳು ಅಂತ ಎಣಿಸಿ ಹೆಚ್ಚಿಗೆ ತೋರಿಸುತ್ತದೆ. ಆದ್ದರಿಂದ ಇದರ ಅಂಕಿಯನ್ನು ರಕ್ತಪರೀಕ್ಷೆಯ ಹಾಗೆ ನಂಬಬಾರದು. ಜ್ವರ ಇದೆಯಾ ಅಂತ ಹಣೆ ಮುಟ್ಟಿ ನೋಡಿದ ಹಾಗೆ ತಗೋಬೇಕು.

ಜೊತೆಗೆ ಒಯ್ಯುವ ಹಳೆಯ ಗಾಳಿ ಮಾಪಕಗಳಲ್ಲಿ ಒಂದು ಅಂದರೆ ಹಕ್ಕಿ. 1890ರ ದಶಕದಲ್ಲಿ ಜೆ. ಎಸ್. ಹಾಲ್ಡೇನ್ ಅನ್ನುವ ವಿಜ್ಞಾನಿ, ಕಲ್ಲಿದ್ದಲ ಗಣಿಯೊಳಗೆ ಹೋಗುವವರು ಸಣ್ಣ ಪ್ರಾಣಿಯನ್ನೋ ಕ್ಯಾನರಿ ಹಕ್ಕಿಯನ್ನೋ ಪಂಜರದಲ್ಲಿ ಒಯ್ಯಬೇಕು ಅಂದ. ಕಾರ್ಬನ್ ಮಾನಾಕ್ಸೈಡ್ ಏರಿದರೆ ಮನುಷ್ಯನಿಗಿಂತ ಮೊದಲು ಹಕ್ಕಿ ತೂಕಡಿಸಿ ಬೀಳುತ್ತದೆ. ಬ್ರಿಟನ್ನಿನ ಗಣಿಗಳಲ್ಲಿ ಈ ಹಕ್ಕಿಗಳ ಕೆಲಸ 1986ರವರೆಗೂ ನಡೆಯಿತು. ಆದರೆ ಹಕ್ಕಿಗೆ ವಿಷಾನಿಲ ತಿಳಿಯುತ್ತದೆಯೇ ಹೊರತು ಹತ್ತು ಹದಿನೈದು ವರ್ಷ ಎದೆಯಲ್ಲಿ ಕೂತು ಕೊಲ್ಲುವ ಧೂಳು ತಿಳಿಯುವುದಿಲ್ಲ. ಅದಕ್ಕೆ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ರಾಬರ್ಟ್ ಕೊಟ್ಝೆ 1916ರ ಸುಮಾರಿಗೆ ಕೋನಿಮೀಟರ್ ಅನ್ನುವ ಕೈಯಂತ್ರ ತಂದ. ಅಂಟು ಬಳಿದ ಗಾಜಿನ ಮೇಲೆ ಒಂದು ಚಿಟಿಕೆ ಗಾಳಿ ರಭಸದಿಂದ ಹೊಡೆದು, ಅಂಟಿದ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುವುದು. ನಮ್ಮ ಕರ್ನಾಟಕಕ್ಕೂ ಈ ಕಥೆಯಲ್ಲಿ ಪಾಲಿದೆ. ಕಲ್ಲುಧೂಳಿನಿಂದ ಬರುವ ಸಿಲಿಕೋಸಿಸ್ ಭಾರತದಲ್ಲೂ ಇದೆ ಅಂತ ಮೊದಲು ವರದಿ ಆದದ್ದು 1934ರಲ್ಲಿ, ಕೋಲಾರದ ಚಿನ್ನದ ಗಣಿಯಿಂದ.

ಕೋನಿಮೀಟರ್‌ಗೆ ಒಂದು ದೋಷ ಇತ್ತು. ಅದು ಹೇಳುವುದು ಒಂದು ಜಾಗದ, ಒಂದು ಕ್ಷಣದ ಮಾತು. ಮನುಷ್ಯ ಎಂಟು ತಾಸು ಓಡಾಡುತ್ತಾನೆ, ಬಗ್ಗುತ್ತಾನೆ, ಧೂಳು ಏಳುವ ಕಡೆಗೇ ಮುಖ ಮಾಡುತ್ತಾನೆ. ಅವನ ಲೆಕ್ಕ ಯಾರಿಟ್ಟರು?

ಇಲ್ಲಿ ನಮ್ಮ ಕಡೆಯ ಗಿರಣಿಗಳ ಕಥೆ ಬರುತ್ತದೆ. ಗೋಕಾಕ ಅಂದರೆ ಬೆಂಗಳೂರಿನವರಿಗೆ ಕರದಂಟು, ಫಾಲ್ಸು, ತೂಗುಸೇತುವೆ ಇಷ್ಟು ನೆನಪಾಗುತ್ತದೆ. ಆ ಫಾಲ್ಸಿನ ದಂಡೆಯ ಮೇಲೇ ಹತ್ತಿ ಗಿರಣಿ ಇದೆ. 1885ರಲ್ಲಿ ಅದಕ್ಕಾಗಿ ಕಂಪನಿ ಕಟ್ಟಿದರು, ಘಟಪ್ರಭೆ 52 ಮೀಟರ್ ಕೆಳಗೆ ಬೀಳುವ ರಭಸವನ್ನೇ ಶಕ್ತಿ ಮಾಡಿಕೊಂಡು ನೂಲು ತೆಗೆದರು. ಕಲ್ಲಿದ್ದಲು ಸಿಗದ ಊರಿನಲ್ಲಿ ನೀರಿನ ಮೇಲೆ ಗಿರಣಿ ನಡೆಸಿದ್ದು ಆ ಕಾಲಕ್ಕೆ ದೊಡ್ಡ ಸಾಹಸ. ಗಿರಣಿ ಕೆಲಸ ಅಂದರೆ ನಮ್ಮ ಭಾಗದವರಿಗೆ ಮಳೆ ನಂಬದ ಪಗಾರ. ಇಲ್ಲಿ ಸಿಗದವರು ಸೋಲಾಪುರಕ್ಕೆ ಹೋದರು, ಮುಂಬೈಗೆ ಹೋದರು.

ನಮ್ಮಜ್ಜ ಮುಂಬೈಗೆ ಹೋದವರ ಪೈಕಿ. ಅಲ್ಲಿನ ಒಂದು ಗಿರಣಿಯ ಕಾರ್ಡಿಂಗ್ ಖಾತೆಯಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕೆಲಸ ಮಾಡಿದ. ಕಾರ್ಡಿಂಗ್ ಅಂದರೆ ಹತ್ತಿಯನ್ನು ಮುಳ್ಳಿನ ಉರುಳೆಗಳಲ್ಲಿ ಬಾಚಿ ಎಳೆ ಸರಿಮಾಡುವುದು. ಇಡೀ ಗಿರಣಿಯಲ್ಲಿ ಧೂಳು ಹೆಚ್ಚು ಏಳುವ ಜಾಗ. 1982ರ ಜನವರಿಯಲ್ಲಿ ದತ್ತಾ ಸಾಮಂತರ ಮುಂದಾಳತ್ವದಲ್ಲಿ ಗಿರಣಿ ಮುಷ್ಕರ ಶುರುವಾಯಿತಲ್ಲ, ಮತ್ತೆ ಸರಿಹೋಗಲೇ ಇಲ್ಲ. ಅಜ್ಜ ಒಂದು ತಗಡಿನ ಟ್ರಂಕು ಹೊತ್ತು ಊರಿಗೆ ಬಂದ. ನಾನು ಕಂಡ ಅಜ್ಜ ಕಟ್ಟೆಯ ಮೇಲೆ ಕುಂತು ಉಸಿರು ಎಳೆಯುವ ಅಜ್ಜ. ಅವ ಯಾವಾಗಲೂ ಒಂದು ಮಾತು ಹೇಳುತ್ತಿದ್ದ: "ಸೋಮವಾರ ಬಂತಂದ್ರ ಎದಿ ಮ್ಯಾಲ ಕಲ್ಲಿಟ್ಟಂಗ ಆಗತಿತ್ತು." ರವಿವಾರ ರಜೆ ಮುಗಿಸಿ ಹೋಗುವ ಬೇಸರ ಅಂತ ನಾವು ನಗುತ್ತಿದ್ದೆವು. ಸೋಮವಾರ ಅಂದರೆ ನಮಗೂ ಹಾಗೇ ಆಗುತ್ತದಲ್ಲ.

ಅದು ಬೇಸರ ಆಗಿರಲಿಲ್ಲ, ರೋಗದ ಗುರುತು. ಬಿಸಿನೋಸಿಸ್ ಅನ್ನುವ ಹತ್ತಿಧೂಳಿನ ಕಾಯಿಲೆಯ ವಿಚಿತ್ರವೇ ಇದು. ಒಂದು ದಿನ ಧೂಳಿನಿಂದ ದೂರ ಇದ್ದು ಮತ್ತೆ ಒಳಗೆ ಹೋದಾಗ ಎದೆ ಬಿಗಿಯುತ್ತದೆ, ವಾರದ ಕೊನೆಗೆ ಸಡಿಲಾಗುತ್ತದೆ. ವರ್ಷ ಕಳೆದಂತೆ ಸೋಮವಾರದ ಬಿಗಿತ ಮಂಗಳವಾರಕ್ಕೂ, ಬುಧವಾರಕ್ಕೂ ಹಬ್ಬಿ, ಕಡೆಗೆ ಕಾಯಂ ಆಗುತ್ತದೆ. ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳಲ್ಲಿ 1950ರ ದಶಕದಲ್ಲಿ ರಿಚರ್ಡ್ ಶಿಲ್ಲಿಂಗ್ ಅನ್ನುವ ವೈದ್ಯ ಇದರ ಹಂತಗಳನ್ನು ಗುರುತಿಸಿದ. ಕೆಲವು ಸೋಮವಾರ ಮಾತ್ರ ಆದರೆ ಅರ್ಧ ಹಂತ, ಪ್ರತಿ ಸೋಮವಾರ ಆದರೆ ಒಂದನೇ ಹಂತ, ಬೇರೆ ದಿನಕ್ಕೂ ಬಂದರೆ ಎರಡನೇ ಹಂತ. ಇದನ್ನು ಓದಿದಾಗ ನಾನು ಲ್ಯಾಪ್‌ಟಾಪ್ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಂತೆ. ಶಿಲ್ಲಿಂಗನ ಹತ್ತಿರ ಧೂಳು ಅಳೆಯುವ ಉಪಕರಣ ಇದ್ದವು, ಆದರೆ ರೋಗದ ಹಂತ ನಿರ್ಧಾರ ಆಗುತ್ತಿದ್ದದ್ದು ಕೆಲಸಗಾರನ ಬಾಯಿಮಾತಿನ ಮೇಲೆ. ಸೋಮವಾರ ಎದೆ ಬಿಗಿಯುತ್ತದೆಯಾ? ಅಷ್ಟೇ ಪ್ರಶ್ನೆ. ನಮ್ಮಜ್ಜ ಉತ್ತರವನ್ನು ಮೂವತ್ತು ವರ್ಷ ಹೇಳುತ್ತಲೇ ಇದ್ದ. ಪ್ರಶ್ನೆ ಕೇಳುವವರು ಸಿಗಲಿಲ್ಲ.

ಮೈಮೇಲೆ ಕಟ್ಟುವ ಯಂತ್ರ ಬಂದದ್ದು 1960ರಲ್ಲಿ. ಬಂದದ್ದು ಗಿರಣಿಯಿಂದಲ್ಲ, ಅಣುವಿಜ್ಞಾನದ ಮನೆಯಿಂದ. ಬ್ರಿಟನ್ನಿನ ಹಾರ್ವೆಲ್ ಅಣುಸಂಶೋಧನಾ ಕೇಂದ್ರದ ಶೆರ್‌ವುಡ್ ಮತ್ತು ಗ್ರೀನ್‌ಹಾಲ್ಶ್ ಇಬ್ಬರೂ ಸೇರಿ ವೈಯಕ್ತಿಕ ಗಾಳಿ ಸಂಗ್ರಾಹಕ ಅನ್ನುವುದನ್ನು ಮಾಡಿದರು. ಸೊಂಟದ ಹತ್ತಿರ ಬ್ಯಾಟರಿ ಪಂಪು, ಅಲ್ಲಿಂದ ಒಂದು ರಬ್ಬರ್ ನಳಿಗೆ, ಅಂಗಿಯ ಕಾಲರಿನ ಬಳಿ ಒಂದು ಶೋಧಕ ಕಾಗದ. ಕೆಲಸ ಮುಗಿದ ಮೇಲೆ ಕಾಗದ ತೆಗೆದು, ಅದರ ಮೇಲೆ ಏನು ಕೂತಿದೆ ನೋಡುವುದು. ಮೂಗು ಬಾಯಿಯ ಸುತ್ತಲಿನ ಸುಮಾರು ಒಂದು ಅಡಿ ಗಾಳಿಗೆ ಉಸಿರಿನ ವಲಯ ಅಂತಾರೆ. ಅಳೆಯಬೇಕಾದ್ದು ಅದನ್ನು. ಗೋಡೆಗೆ ಹಾಕಿದ ಮಾಪಕಕ್ಕೂ ಮೈಗೆ ಕಟ್ಟಿದ ಮಾಪಕಕ್ಕೂ ಹೋಲಿಸಿ ನೋಡಿದರೆ, ಮೈಮೇಲಿನದು ಎಷ್ಟೋ ಪಟ್ಟು ಹೆಚ್ಚು ತೋರಿಸುತ್ತಿತ್ತು. ಗೋಡೆಯ ಮಾಪಕ ಕೋಣೆ ಸುರಕ್ಷಿತ ಅನ್ನುತ್ತಿತ್ತು, ಕೋಣೆಯೊಳಗಿನ ಮನುಷ್ಯ ಸುರಕ್ಷಿತ ಆಗಿರಲಿಲ್ಲ.

ಇದೊಂದು ಸಂಗತಿ ಔದ್ಯೋಗಿಕ ಆರೋಗ್ಯದ ದಿಕ್ಕನ್ನೇ ಬದಲಿಸಿತು. ಗಣಿ, ಕಾರ್ಖಾನೆ, ಬಣ್ಣದ ಅಂಗಡಿ ಎಲ್ಲ ಕಡೆ ಸೊಂಟದ ಪಂಪು ಬಂತು. 1970ರ ದಶಕದಲ್ಲಿ ಪಂಪೂ ಬೇಡದ, ಅನಿಲ ತಾನಾಗಿ ಒಳಗೆ ಹರಡಿ ಕೂರುವ ಪುಟ್ಟ ಕೊಳವೆಗಳು ಬಂದವು. ಕಾನೂನೂ ಬಂತು. ಅಮೆರಿಕ 1978ರಲ್ಲಿ ಹತ್ತಿಧೂಳಿಗೆ ಮಿತಿ ಹಾಕಿತು. ನಮ್ಮ ದೇಶದ ಕಾರ್ಮಿಕ ಪರಿಹಾರದ ಕಾನೂನಿನಲ್ಲಿ ಔದ್ಯೋಗಿಕ ರೋಗಗಳ ಪಟ್ಟಿ ಇದೆ. ಅದರಲ್ಲಿ ಬಿಸಿನೋಸಿಸ್ ಇದೆ. ಅದರ ಪಕ್ಕದಲ್ಲೇ ಬಗಾಸೋಸಿಸ್ ಅಂತ ಇನ್ನೊಂದಿದೆ, ನಮ್ಮ ಭಾಗದವರು ತಿಳಿದುಕೊಳ್ಳಲೇಬೇಕಾದ್ದು. ಕಬ್ಬು ಅರೆದ ಮೇಲೆ ಉಳಿಯುವ ಸಿಪ್ಪೆಯನ್ನು ರಾಶಿ ಹಾಕಿ ಬಹಳ ದಿನ ಬಿಟ್ಟರೆ ಅದು ಕಾವೇರಿ, ಬೂಷ್ಟು ಹಿಡಿಯುತ್ತದೆ. ಒಣಗಿದ ಮೇಲೆ ಕೆದರಿದಾಗ ಏಳುವ ಧೂಳು ಎದೆಗೆ ಹೋದರೆ ಜ್ವರ, ಕೆಮ್ಮು, ಏದುಸಿರು. ಅಮೆರಿಕದ ಲೂಸಿಯಾನಾದಲ್ಲಿ 1941ರಲ್ಲಿ ಇದಕ್ಕೆ ಈ ಹೆಸರು ಬಿತ್ತು. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲ್ಲೂಕು ಕಬ್ಬಿನವೇ. ಸಿಪ್ಪೆಯ ರಾಶಿ ನೋಡದೆ ಬೆಳೆದ ಹುಡುಗ ನಮ್ಮಲ್ಲಿಲ್ಲ. ನಾವು ಅದರ ಮೇಲೆ ಹತ್ತಿ ಜಾರಿದವರು.

ಆ ಪಟ್ಟಿಯನ್ನು ಮೇಲಿನಿಂದ ಕೆಳಗೆ ಎರಡು ಸಲ ಓದಿದೆ. ಅಜ್ಜನ ಕಾಯಿಲೆ ಇದೆ. ಸಿಪ್ಪೆ ಹೊರುವವರ ಕಾಯಿಲೆ ಇದೆ. ಅವ್ವನದು ಇಲ್ಲ. ಇರುವುದಕ್ಕೆ ಸಾಧ್ಯವೂ ಇಲ್ಲ. ಅಡಿಗೆಮನೆ ಕಾರ್ಖಾನೆಯಲ್ಲ, ಅವ್ವನಿಗೆ ಮಾಲೀಕ ಇಲ್ಲ, ಪಗಾರ ಇಲ್ಲ, ಸೋಮವಾರವೂ ಇಲ್ಲ, ಯಾಕಂದರೆ ರವಿವಾರವೇ ಇಲ್ಲ.

ಆದರೂ ಒಬ್ಬರು ಅಡಿಗೆಮನೆಗೆ ಹೋದರು. 1981ರಲ್ಲಿ ಕರ್ಕ್ ಸ್ಮಿತ್ ಅನ್ನುವ ಅಮೆರಿಕದ ವಿಜ್ಞಾನಿ, ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಅಗರವಾಲ್ ಮತ್ತು ದವೆ ಅವರ ಜೊತೆ ಗುಜರಾತಿನ ನಾಲ್ಕು ಹಳ್ಳಿಗಳಲ್ಲಿ ಅಳತೆ ಮಾಡಿದರು. ಆ ಸಂಸ್ಥೆ ಗಿರಣಿ ಕೆಲಸಗಾರರ ಎದೆಯನ್ನೂ ಪರೀಕ್ಷೆ ಮಾಡಿದ್ದು. ಈಗ ಕಾರ್ಖಾನೆಗೆ ಒಯ್ಯುವಂಥ ಪಂಪನ್ನೇ ಹಳ್ಳಿಗೆ ಒಯ್ದು, ಒಲೆ ಮುಂದೆ ಕೂತ ಹೆಣ್ಣುಮಕ್ಕಳ ಮೈಗೆ ಕಟ್ಟಿದರು. ಸೌದೆ, ಸಗಣಿ, ಬೆಳೆಯ ಕಡ್ಡಿ ಉರಿಸಿ ಅಡಿಗೆ ಮಾಡುವಷ್ಟು ಹೊತ್ತು ಪಂಪು ಓಡಿತು. 1983ರಲ್ಲಿ ಫಲಿತಾಂಶ ಪ್ರಕಟ ಆಯಿತು. ಒಟ್ಟು ಧೂಳಿನ ಸರಾಸರಿ ಒಂದು ಘನ ಮೀಟರಿಗೆ ಸುಮಾರು 7 ಮಿಲಿಗ್ರಾಂ. ನಮ್ಮ ಲೆಕ್ಕದಲ್ಲಿ 7,000 ಮೈಕ್ರೋಗ್ರಾಂ. ಇದು ದಪ್ಪ ಕಣವೂ ಸೇರಿದ ಲೆಕ್ಕ, ಬರೀ ಪಿಎಂ 2.5 ಅಲ್ಲ, ಹಾಗಾಗಿ ನನ್ನ ಯಂತ್ರದ ಅಂಕಿಯ ಜೊತೆ ನೇರ ಹೋಲಿಸಬಾರದು. ಆದರೂ ನಾಲ್ಕನೇ ಅಂಕಿ ಯಾಕೆ ಬೇಕು ಅನ್ನುವುದಕ್ಕೆ ಉತ್ತರ ನಲವತ್ತು ವರ್ಷದ ಹಿಂದೆಯೇ ಇತ್ತು.

ಅಲ್ಲಿಯವರೆಗೆ ವಾಯುಮಾಲಿನ್ಯ ಅಂದರೆ ಪೇಟೆಯ ಮಾತು. ಲಂಡನ್ನಿನ ಮಂಜುಹೊಗೆ, ಕಾರ್ಖಾನೆ ಚಿಮಣಿ, ಬಸ್ಸಿನ ಹೊಗೆ. ಹಳ್ಳಿ ಅಂದರೆ ಶುದ್ಧ ಗಾಳಿ. ಸ್ಮಿತ್ ತೋರಿಸಿದ್ದು, ಜಗತ್ತಿನಲ್ಲಿ ಅತಿ ಹೆಚ್ಚು ಹೊಗೆ ಕುಡಿಯುವವರು ಹಳ್ಳಿಯ ಹೆಣ್ಣುಮಕ್ಕಳು ಮತ್ತು ಅವರ ಕಂಕುಳ ಕೂಸುಗಳು ಅಂತ. ಅದನ್ನು ಜಗತ್ತು ಒಪ್ಪಲು ಇನ್ನೂ ಮೂವತ್ತು ವರ್ಷ ಹಿಡಿಯಿತು. 2012ರ ಕೊನೆಗೆ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಜಾಗತಿಕ ರೋಗಭಾರದ ಅಧ್ಯಯನ, ಒಲೆಯ ಹೊಗೆಯಿಂದ ವರ್ಷಕ್ಕೆ ಸುಮಾರು 35 ಲಕ್ಷ ಸಾವು ಅಂತ ಲೆಕ್ಕ ಹಾಕಿತು. ಸ್ಮಿತ್ 2020ರಲ್ಲಿ ತೀರಿಕೊಂಡರು.

ನಮ್ಮ ರಾಜ್ಯ ಸುಮ್ಮನೆ ಕೂತಿರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಕೆ. ಎನ್. ರೆಡ್ಡಿ ಅವರು 1974ರಲ್ಲಿ ಅಸ್ತ್ರ ಅನ್ನುವ ಕೇಂದ್ರ ಶುರು ಮಾಡಿದರು. ವಿಜ್ಞಾನವನ್ನು ಹಳ್ಳಿಗೆ ಒಯ್ಯುವ ಉದ್ದೇಶ. ಅಲ್ಲಿಂದ ಬಂದ ಅಸ್ತ್ರ ಒಲೆ, ಮೂರು ಪಾತ್ರೆ ಇಡುವಂಥದ್ದು, ಹೊಗೆ ಹೋಗಲು ಕೊಳವೆ ಇದ್ದದ್ದು, ಕಡಿಮೆ ಸೌದೆ ತಿನ್ನುವಂಥದ್ದು. ಆಮೇಲೆ ದೇಶದ ತುಂಬ ಸುಧಾರಿತ ಒಲೆಗಳ ಕಾರ್ಯಕ್ರಮ ನಡೆಯಿತು. ನಮ್ಮೂರಿನಲ್ಲೂ ನಾನು ಸಣ್ಣವ ಇದ್ದಾಗ ಯಾವುದೋ ಮಾದರಿಯ ಕೊಳವೆ ಒಲೆ ಎರಡು ಮೂರು ಮನೆಯಲ್ಲಿ ಇತ್ತು. ರೊಟ್ಟಿ ಹಂಚು ಸರಿಯಾಗಿ ಕೂಡ್ರೋದಿಲ್ಲ ಅಂತ ಒಡೆದು ಹಾಕಿದರು. ಜೋಳದ ರೊಟ್ಟಿಗೆ ಹಂಚಿನ ತುಂಬ ಸಮನಾದ ಉರಿ ಬೇಕು, ಕಡೆಗೆ ಕೆಂಡದ ಪಕ್ಕ ನಿಲ್ಲಿಸಿ ಉಬ್ಬಿಸಬೇಕು. ಒಲೆ ಮಾಡುವವರು ಅನ್ನ ಸಾರಿನ ಲೆಕ್ಕ ಹಾಕಿದ್ದರೆ ರೊಟ್ಟಿಯ ಊರಿನಲ್ಲಿ ಅದು ನಿಲ್ಲುವುದಿಲ್ಲ.

ಈಗ ಗ್ಯಾಸು ಇದೆ. 2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಊರಿನ ಎಷ್ಟೋ ಮನೆಗೆ ಸಿಲಿಂಡರ್ ಬಂತು, ನಮ್ಮ ಮನೆಗೆ ಅದಕ್ಕೂ ಮೊದಲೇ ಇತ್ತು. ಚಹಾ, ಪಲ್ಯ, ಸಾರು ಗ್ಯಾಸಿನ ಮೇಲೆ. ರೊಟ್ಟಿ ಮತ್ತು ಬಚ್ಚಲ ಹಂಡೆ ಒಲೆಯ ಮೇಲೆ. ಎಷ್ಟು ಸಲ ಕೇಳಿದರೂ ಅವ್ವನ ಉತ್ತರ ಒಂದೇ. "ದಿನಾ ಇಪ್ಪತ್ತು ರೊಟ್ಟಿ ಗ್ಯಾಸಿನ ಮ್ಯಾಲ ಮಾಡಿದ್ರ ಸಿಲಿಂಡರು ಹದಿನೈದು ದಿನಾ ಬರೂದಿಲ್ಲ. ಕುಳ್ಳೇನು ರೊಕ್ಕಾ ಕೊಟ್ಟು ತಂದದ್ದ?"

ಇತ್ತ ಮೈಮೇಲಿನ ಯಂತ್ರದ ಕಥೆ ಬೇರೆ ದಾರಿ ಹಿಡಿದಿತ್ತು. 1990ರಲ್ಲಿ ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ಊರಿನ 178 ಜನ ಮಾಪಕ ಕಟ್ಟಿಕೊಂಡು ದಿನದ ಕೆಲಸ ಮಾಡಿದರು. ಹಗಲು ಹೊತ್ತಿನಲ್ಲಿ ಅವರ ಮೈಮೇಲಿನ ಅಂಕಿ ಮನೆಯೊಳಗಿನದಕ್ಕಿಂತಲೂ ಹೆಚ್ಚು, ಹೊರಗಿನದಕ್ಕಿಂತಲೂ ಹೆಚ್ಚು ಬಂತು. ನಡೆಯುವಾಗ, ಗುಡಿಸುವಾಗ, ಅಡಿಗೆ ಮಾಡುವಾಗ ಪ್ರತಿ ಮನುಷ್ಯ ತನ್ನ ಸುತ್ತ ಒಂದು ಧೂಳಿನ ಮೋಡ ಎಬ್ಬಿಸಿಕೊಂಡೇ ಓಡಾಡುತ್ತಾನೆ ಅಂತ ಗೊತ್ತಾಯಿತು. ಮುಂದೆ ಲೇಸರು, ಫ್ಯಾನು, ಚಿಪ್ಪು ಅಗ್ಗ ಆದವು, ಪ್ರತಿ ಜೇಬಿಗೂ ಸ್ಮಾರ್ಟ್‌ಫೋನ್ ಬಂತು. ಭಾರತದಲ್ಲಿ 2015ರಲ್ಲಿ ರಾಷ್ಟ್ರೀಯ ವಾಯು ಗುಣಮಟ್ಟ ಸೂಚ್ಯಂಕ ಶುರುವಾಗಿ, ಎಕ್ಯೂಐ ಅನ್ನುವುದು ಟಿವಿ ಮಾತಾಯಿತು. ಫ್ಲೋ, ಆಟ್ಮೋಟ್ಯೂಬ್ ಅನ್ನುವಂಥ ಯಂತ್ರಗಳು ಓಟಗಾರರಿಗೆ, ಸೈಕಲ್ ಸವಾರರಿಗೆ, ನನ್ನಂಥವರಿಗೆ ಅಂತ ಬಂದವು.

ಈ ಅರವತ್ತು ವರ್ಷವನ್ನು ಒಟ್ಟಿಗೆ ಇಟ್ಟು ನೋಡಿ. ಮೊದಲು ಯಂತ್ರ ಕಟ್ಟಿದ್ದು ಅಪಾಯದಲ್ಲಿ ಇರುವವರ ಮೈಗೆ. ಆದರೆ ಅಂಕಿ ಹೋಗುತ್ತಿದ್ದದ್ದು ವಿಜ್ಞಾನಿಯ ಕಡತಕ್ಕೆ. ಪಂಪು ಹೊತ್ತವನ ಕಣ್ಣಿಗೆ ಅಲ್ಲೇ ಕಾಣುವಂಥದ್ದು ಅದರಲ್ಲಿ ಏನೂ ಇರಲಿಲ್ಲ, ಕಾಗದ ಪ್ರಯೋಗಾಲಯಕ್ಕೆ ಹೋಗಬೇಕಿತ್ತು. ಈಗ ಅಂಕಿ ಆ ಕ್ಷಣವೇ ಹೊತ್ತವನ ಕಣ್ಣಿಗೆ ಬೀಳುತ್ತದೆ. ಆದರೆ ಹೊತ್ತವನು ನಾನು. ಎಸಿ ಬಸ್ಸಿನಲ್ಲಿ ಹೋಗಿ ಎಸಿ ಆಫೀಸಿನಲ್ಲಿ ಕೂರುವವನು. ಯಂತ್ರ ಸುಧಾರಿಸಿತು, ಕೊರಳು ಬದಲಾಯಿತು.

ಇದನ್ನು ಬರೆಯುವಾಗ ಒಂದು ಸಂಗತಿ ಮುಚ್ಚಿಡಬಾರದು. ನಾನು ಯಂತ್ರ ಕೊಳ್ಳುವುದಕ್ಕೆ ಒಂದು ವರ್ಷ ಮೊದಲೇ ಅವ್ವನಿಗೆ ಮೆಟ್ಟಿಲು ಹತ್ತಿದರೆ ದಮ್ಮು ಬರುತ್ತಿತ್ತು. ಪೇಟೆಯ ದೊಡ್ಡ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋಗಿದ್ದೆ. ಕೊಳವೆ ಊದಿಸಿ ಪರೀಕ್ಷೆ ಮಾಡಿದರು, ಸಿಒಪಿಡಿ ಅಂದರು. ಡಾಕ್ಟರು ಕೇಳಿದ್ದು, ಬೀಡಿ ಸಿಗರೇಟು ಸೇದುತ್ತೀರಾ, ಮನೆಯಲ್ಲಿ ಯಾರಾದರೂ ಸೇದುತ್ತಾರಾ? ಇಲ್ಲ ಅಂದೆವು. ಹಾಗಾದರೆ ವಯಸ್ಸಿಗೆ ಬಂದಿರಬೇಕು ಅಂದು ಪಂಪು ಬರೆದುಕೊಟ್ಟರು. ನೀವು ಮಾಡುವ ಕೆಲಸ ಏನು ಅಂತ ಕೇಳಲಿಲ್ಲ. ಅವರನ್ನು ಬೈದು ಏನು ಬಂತು? ಪಕ್ಕದಲ್ಲಿ ಬಿಇ ಓದಿದ ಮಗ ಕುಂತಿದ್ದ. ಒಲೆಯ ಮಾತು ನಾನೂ ಎತ್ತಲಿಲ್ಲ. ಹುಟ್ಟಿದಾಗಿಂದ ನೋಡಿದ ಹೊಗೆ ನನಗೆ ಹೊಗೆ ಅಂತ ಕಂಡಿರಲೇ ಇಲ್ಲ. ಸಿಲ್ಕ್ ಬೋರ್ಡಿನದು ಮಾತ್ರ ಕಂಡಿತ್ತು.

ದೀಪಾವಳಿ ಮುಗಿಸಿ ಹೊರಡುವಾಗ ಯಂತ್ರವನ್ನು ಅವ್ವನ ಹತ್ತಿರ ಬಿಟ್ಟು ಬಂದೆ. ಅವಳು ಅದನ್ನು ಸೆರಗಿಗೆ ಸಿಕ್ಕಿಸಿಕೊಂಡು ತನ್ನದೇ ಪ್ರಯೋಗ ಶುರು ಮಾಡಿದಳು. ಫೋನಿನಲ್ಲಿ ವರದಿ: "ಕುಳ್ಳು ಹಚ್ಚಿದ್ರ ಒಂಬತ್ತು ಒಂಬತ್ತು ಒಂಬತ್ತು. ಒಣಾ ತೊಗರಿ ಕಟಗಿ ಹಚ್ಚಿದ್ರ ಕಡಿಮಿ. ಹಿತ್ತಲ ಬಾಗಲಾ ತೆರದ್ರ ಇನ್ನಾ ಕಡಿಮಿ. ಊದಗೊಳವಿ ಹಿಡದಾಗ ಭಾಳ ಏರತೈತಿ ನೋಡು." ಉಸಿರಿನ ವಲಯ ಅಂದರೆ ಏನು ಅಂತ ನಾನು ಅವಳಿಗೆ ಹೇಳಿಕೊಡಬೇಕಾಗಲಿಲ್ಲ. ಸಂಕ್ರಾಂತಿ ಹೊತ್ತಿಗೆ ರೊಟ್ಟಿ ಒಲೆಯನ್ನು ಹಿತ್ತಲಿನ ತಗಡಿನ ಚಪ್ಪರದ ಕೆಳಗೆ ಹಾಕಿಸಿದ್ದಳು. ಮೂರು ಕಡೆ ಗೋಡೆ ಇಲ್ಲ. ಅಲ್ಲಿ ಕುಂತರೆ 999 ಬರುವುದಿಲ್ಲ, ಬಂದರೆ 150, 200. ಒಳ್ಳೆಯ ಗಾಳಿ ಅಂತ ಇದನ್ನೂ ಹೇಳುವ ಹಾಗಿಲ್ಲ. ಆದರೂ ಎಷ್ಟೋ ವಾಸಿ.

ಆಮೇಲೆ ಯಂತ್ರ ಮನೆಮನೆ ತಿರುಗಿತು. ಹುಕ್ಕೇರಿಯಲ್ಲಿರುವ ಚಿಗವ್ವ ಬಂದಾಗ ತಾನೂ ಒಂದು ವಾರಕ್ಕೆ ಒಯ್ದಳು. ಆ ಊರಿನ ಹೆಸರು ಬಂದಾಗ ನನಗೆ ಒಂದು ಹಳೆಯ ಸಂಗತಿ ನೆನಪಾಯಿತು. 1969ರಲ್ಲಿ ಇಡೀ ದೇಶದಲ್ಲಿ ಪ್ರಯೋಗಕ್ಕೆ ಅಂತ ಐದು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಶುರು ಮಾಡಿದಾಗ ಕರ್ನಾಟಕಕ್ಕೆ ಬಂದದ್ದು ಒಂದೇ, ಅದು ಹುಕ್ಕೇರಿಗೆ. ಕರೆಂಟು ಕೊಳ್ಳುವವರೇ ಸಂಘದ ಸದಸ್ಯರು. ಕಂಬವೂ ಸಂಘದ್ದೇ, ಮೀಟರು ಓದಲು ಬರುವವನೂ ಸಂಘದವನೇ. ನಮ್ಮ ಭಾಗಕ್ಕೆ ಮೀಟರನ್ನು ಹತ್ತು ಜನ ಕೂಡಿ ಇಟ್ಟುಕೊಳ್ಳುವ ರೂಢಿ ಹೊಸದಲ್ಲ. ಗಾಳಿಯ ಮೀಟರನ್ನೂ ಹಾಗೇ ಯಾಕೆ ಇಟ್ಟುಕೊಳ್ಳಬಾರದು? ಊರಿಗೆ ಎರಡು ಯಂತ್ರ ಸಾಕು. ಆಶಾ ಕಾರ್ಯಕರ್ತೆಯ ಹತ್ತಿರ ಇರಲಿ, ಬಿಪಿ ಯಂತ್ರದ ಹಾಗೆ ಮನೆಮನೆಗೆ ಹೋಗಲಿ. ಒಂದು ವಾರ ಸೆರಗಿಗೆ ಸಿಕ್ಕಿಸಿಕೊಂಡರೆ ಯಾವ ಹೊತ್ತು, ಯಾವ ಸೌದೆ, ಯಾವ ಮೂಲೆ ಅಂತ ಆ ಮನೆಯಾಕೆಗೇ ತಿಳಿಯುತ್ತದೆ. ದಿನಾ ಕಟ್ಟಿಕೊಂಡು ಇರಬೇಕಾಗಿಲ್ಲ. ಈ ಬರಹ ಓದುವ ನಿಮ್ಮಲ್ಲಿ ಎಷ್ಟೋ ಜನರ ಮೇಜಿನ ಖಾನೆಯಲ್ಲಿ ಇಂಥ ಒಂದು ಯಂತ್ರ ಚಾರ್ಜ್ ಇಲ್ಲದೆ ಬಿದ್ದಿರುತ್ತದೆ. ಮುಂದಿನ ಸಲ ಊರಿಗೆ ಹೋಗುವಾಗ ಒಯ್ಯಿರಿ.

ನನ್ನದು ಯುಗಾದಿಗೆ ವಾಪಸ್ ಬಂತು. ಆನ್ ಮಾಡಿದರೆ ಫ್ಯಾನು ತಿರುಗಲಿಲ್ಲ. ಸ್ಕ್ರೂ ಬಿಚ್ಚಿ ನೋಡಿದೆ. ಲೇಸರ್ ಇರುವ ಪುಟ್ಟ ಕೋಣೆ ತುಂಬ ಮಸಿ. ಬೆರಳಿಗೆ ಹತ್ತಿದರೆ ಕಾಡಿಗೆಯ ಹಾಗೆ ಜಿಡ್ಡು. ಐದಾರು ತಿಂಗಳು ತಡೆದಿತ್ತು ಅಷ್ಟೇ.

ಅದೇ ವಾರ ಅವ್ವನನ್ನು ಮತ್ತೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ, ಈ ಸಲ ಬೇರೆಯವರು. ಎಲ್ಲ ಅಂಕಿಗಳನ್ನೂ ಫೋನಿನಲ್ಲಿ ಪಟ್ಟಿ ಮಾಡಿಕೊಂಡು, ಹೇಗೆ ಹೇಳಬೇಕು ಅಂತ ದಾರಿಯುದ್ದಕ್ಕೂ ತಾಲೀಮು ಮಾಡಿದ್ದೆ. ಡಾಕ್ಟರು ಹಳೆಯ ಚೀಟಿ ತಿರುವಿ ಹಾಕಿ ಬಾಯಿ ತೆರೆಯುವ ಮೊದಲೇ ಅವ್ವ ಅಂದಳು:

"ನಾ ಬೀಡಿ ಸೇದಿಲ್ರಿ ಸಾಹೇಬ್ರ. ನಲವತ್ತ ವರ್ಷ ಒಲಿ ಊದೇನ್ರಿ. ಅದನ್ನ ಬರಕೋರಿ."

ಅವರು ಪೆನ್ನು ತೆಗೆದು ಬರೆದುಕೊಂಡರು.